ಬೋರಲು ಹಾಕಿದ ಬಟ್ಟಲು

ಸುಟ್ಟ ದೊಣ್ಣೆ ಮೆಣಸಿನಕಾಯಿಯ ಸಿಪ್ಪೆ ಸುಲಿಯುತ್ತಿದ್ದ ಸ್ಟಾಮೆನ್ಕಾಳ ಕೈಯಿಂದ ಪಕ್ಕದ ಮನೆಯ ರಾಡೊಯ್ಕಾ ಚಾಕು ಕಿತ್ತುಕೊಂಡಳು. "ಕೈ ನೋಡ್ಕೊಂಡಿದ್ದೀಯೇನೆ? ಮಣಿಕಟ್ಟು ಬನ್ನಿನ ಥರ ಊದಿದೆ!"

"ಇನ್ನೊಂದೇ ಮೂಟೆ ಕಣೆ, ಮುಗಿಸಿಬಿಡ್ತೀನಿ."

"ಈ ಸಲ ಬೀದಿಯ ಏಳು ಮನೆ ಐವಾರ್ ಚಟ್ನಿಗೂ ನೀನು ಬಂದು ಸುಲಿದೆ. ನಿನ್ನ ಮನೇದಕ್ಕೆ ಒಬ್ಬರನ್ನಾದ್ರೂ ಕರೆದ್ಯಾ? ನಾಳೆ ನನ್ನ ಸೊಂಟ ಹಿಡ್ಕೊಂಡ್ರೆ ಯಾವ ಮುಖ ಇಟ್ಕೊಂಡು ನಿನ್ನ ಕರೀಲಿ?"

ಸ್ಟಾಮೆನ್ಕಾ ಇನ್ನೊಂದು ಮೆಣಸಿನಕಾಯಿ ಎತ್ತಿಕೊಳ್ಳುವಷ್ಟರಲ್ಲಿ, ರಾಡೊಯ್ಕಾ ಮೊದಲೇ ಹೇಳಿಕಳಿಸಿದ್ದ ಬೀದಿಯ ಹೆಂಗಸರೆಲ್ಲ ತಂತಮ್ಮ ಚಾಕು, ಸ್ಟೂಲು ಹಿಡಿದು ಅಂಗಳಕ್ಕೆ ಬಂದರು. ಯಾರೋ ಅವಳನ್ನು ಬೆಂಚಿನ ಮೇಲೆ ಕೂರಿಸಿ ಕಾಫಿ ಕೊಟ್ಟರು. ಕೆಲಸದ ನಡುವೆ ಆರಿದ ಕಾಫಿಯನ್ನೇ ಕುಡಿದು ರೂಢಿಯಾಗಿದ್ದ ಅವಳ ನಾಲಿಗೆ ಚುರುಕ್ಕೆಂದಿತು. ಕೊನೆಯ ಗುಟುಕಿನವರೆಗೂ ಅವಳನ್ನು ಯಾರೂ ಏಳಗೊಡಲಿಲ್ಲ. ಕುಡಿದಾದ ಮೇಲೆ ವಾಡಿಕೆಯಂತೆ ಬಟ್ಟಲನ್ನು ಬೋರಲು ಹಾಕಿದಳು. ರಾಡೊಯ್ಕಾ ಅದನ್ನೆತ್ತಿ ಒಳಗೆ ಅಂಟಿದ್ದ ಗಸಿಯ ಚಿತ್ತಾರದಲ್ಲಿ ಅವಳ ಭವಿಷ್ಯ ಹುಡುಕಿದಳು.

"ಏನೇ ಕಾಣ್ತಿದೆ?"

"ಮಂಚ. ಅದರ ಮೇಲೊಂದು ದಿಂಬು. ಹೋಗಿ ಮಲಕ್ಕೋ."

ಅಂಗಳವೆಲ್ಲ ನಕ್ಕಿತು. ಚಾಕುವಿನತ್ತ ಚಾಚಿದ್ದ ಕೈಯನ್ನು ಸ್ಟಾಮೆನ್ಕಾ ಹಿಂದಕ್ಕೆಳೆದುಕೊಂಡಳು. ಆಮೇಲೆ ಏಪ್ರನ್ ಬಿಚ್ಚಿ ರಾಡೊಯ್ಕಾಳ ಕೊರಳಿಗೆ ಹಾಕಿ, ಒಳಗೆ ಹೋದಳು.