ಭಾನುವಾರದ ಸಭೆ

"ಆ ಶನಿವಾರ ಈ ಕೋಣೆಗೆ ಚಹಾ ತಂದವಳು ನನ್ನ ಅಮ್ಮ," ಎಂದರು ಮಾರ್ಗದರ್ಶಕಿ ಹಿರಾಯಾಮಾ ಸಾನ್. ಎರಡನೇ ಮಹಾಯುದ್ಧದ ಕಾಲದ ಪ್ರಧಾನಿಯೊಬ್ಬರ ಟೋಕಿಯೊದ ಮನೆ ಈಗ ವಸ್ತುಸಂಗ್ರಹಾಲಯ. ಯುದ್ಧ ಬೇಕೇ ಬೇಡವೇ ಎಂದು ಮಂತ್ರಿಗಳು ಚರ್ಚಿಸಿದ್ದು ಇಲ್ಲೇ. "ಅವಳು ಕೇಳಿಸಿಕೊಂಡ ಒಂದು ಮಾತನ್ನು ಸಾಯುವ ಮುನ್ನ ನನಗೆ ಹೇಳಿದಳು. ನಾನು ಈವರೆಗೆ ಯಾರಿಗೂ ಹೇಳಿಲ್ಲ."

ಆ ಸಭೆಯ ಮೇಲೆಯೇ ಪಿಎಚ್‌.ಡಿ. ಮಾಡುತ್ತಿದ್ದ ಶ್ರೀವಿದ್ಯಾ, "ಸುಮಿಮಾಸೆನ್, ಕ್ಷಮಿಸಿ, ದಾಖಲೆಗಳಲ್ಲಿ ಅದು ಭಾನುವಾರ," ಎಂದುಬಿಟ್ಟಳು.

ಹಿರಾಯಾಮಾ ಸಾನ್ ಸೊಂಟ ಬಗ್ಗಿಸಿ ವಂದಿಸಿದರು. "ಕ್ಷಮಿಸಿ. ಅಮ್ಮನಿಗೆ ವಯಸ್ಸಾಗಿತ್ತು. ಉಳಿದದ್ದೂ ತಪ್ಪೇ ಇರಬೇಕು."

"ಇಲ್ಲ, ದಯವಿಟ್ಟು ಹೇಳಿ!"

"ಯಾವ ವಾರ ಆಗಿದ್ರೆ ನಿಂಗೇನೇ?" ಗಂಡ ಕಿರಣ ಪಿಸುಗುಟ್ಟಿದ.

ಹಿರಾಯಾಮಾ ಸಾನ್ ನಗುನಗುತ್ತಲೇ ಪಕ್ಕದ ಕೋಣೆಯ ಬಾಗಿಲು ಸರಿಸಿದರು. "ಇಲ್ಲಿನ ಚಾಪೆಗಳನ್ನು ಕಳೆದ ವರ್ಷವಷ್ಟೇ ಬದಲಾಯಿಸಲಾಗಿದೆ."