ಸೋದರತ್ತೆಯ ನಗು

"ಬೆಳಿಗ್ಗೆ ಗೇಮಿನ್ಯಾಗ ಒಂಬತ್ತು ಸೂರ್ಯರನ್ನ ಹಿಡಿದು ಒಲಿಗೆ ಹಾಕಿ ಬಂದೀನಿ!" ತಮ್ಮನ ಕೂಸಿನ ತೊಟ್ಟಿಲ ಮುಂದೆ ಶಶಿರೇಖಾ ಏಳೂರಿಗೆ ಕೇಳುವಂತೆ ಕೊಚ್ಚಿಕೊಂಡಳು.

ಎಲ್ಲರಂತೆ ಅವಳೂ ಆನ್‌ಲೈನ್ ಆಟಕ್ಕೆ ದುಡ್ಡಿನ ಬದಲು ತನ್ನ ನಗುವನ್ನೇ ತೆರುತ್ತಿದ್ದಳು. ದಿನದ ನಗು ಖಾಲಿಯಾದರೆ ಮರುದಿನದವರೆಗೆ ಬರೀ ಸಿಡುಕು.

ಸೋದರತ್ತೆಯಾಗಿ ಕೂಸಿನ ಕಿವಿಯಲ್ಲಿ ಹೆಸರು ಉಸುರಿದಳು. ಪದ್ಧತಿಯಂತೆ ಹೆಂಗಸರು ಅವಳ ಬೆನ್ನಿಗೆ ಗುದ್ದಿ ಕೇಕೆ ಹಾಕಿದರು.

"ನನ್ನ ಬೆನ್ನು ಡೊಳ್ಳಂತ ತಿಳಕೊಂಡೀರೇನು? ಸರೀರಿ ಆಕಡೆ!" ಎಂದು ಚೀರಿದಳು. ಕೂಸು ಬೆಚ್ಚಿ ಅಳತೊಡಗಿತು. ಹೆಂಗಸರು ಮುಖ ಮುಖ ನೋಡಿಕೊಂಡು ಹಿಂದೆ ಸರಿದರು.

"ಅಕ್ಕಾ, ಇವತ್ತಿಗೂ ಒಂದು ನಗು ಉಳಿಸಿಲ್ಲೇನು?" ತಮ್ಮ ಕೇಳಿದ.

"ಕೋಟಿಗಟ್ಟಲೆ ಅದಾವ!" ತುಟಿ ಎಳೆದಳು. ಹಲ್ಲು ಕಂಡವು, ನಗು ಬರಲಿಲ್ಲ.

"ಸುಳ್ಳಪಾ," ಎಂದಳು ಕಡೆಗೆ. "ಒಂದಾಟಾನೂ ಗೆದ್ದಿಲ್ಲ. ಸೋತ ಸಿಟ್ಟಿಗೆ ಆಡಕೋತ ಕುಂತೆ. ಕೂಸಿಗಂತ ಇಟ್ಟಿದ್ದನ್ನೂ ಕಳಕೊಂಡೆ."