ಕೆಂಪು ಗೆರೆಗಳ ಹೊತ್ತು

“ನಿನ್ನೆ ಅವರು ಬರಲಿಲ್ಲ,” ಎಂದಳು ಅಕ್ಕ, ಪರದೆಯನ್ನೇ ನೋಡುತ್ತ.

ಮೌಸಿನ ಮೇಲಿದ್ದ ತಂಗಿಯ ಕೈ ನಿಂತಿತು. ಭಾವ ತೀರಿಕೊಂಡು ಐದು ತಿಂಗಳಾಗಿತ್ತು.

ಅಕ್ಕ ಮನೆಯಲ್ಲೇ ಕೂತು ಯಂತ್ರಗಳ ಕೈಪಿಡಿಗಳನ್ನು ಅನುವಾದಿಸುತ್ತಿದ್ದಳು. ಭಾವ ಇದ್ದಾಗ ಅವಳ ಬರಹವನ್ನು ಕಂಪ್ಯೂಟರಿನಲ್ಲೇ ತಿದ್ದುತ್ತಿದ್ದರು. ತಿದ್ದಿದ್ದೆಲ್ಲ ಕೆಂಪಾಗಿ, ಪಕ್ಕದಲ್ಲಿ ಅವರ ಹೆಸರಿನೊಂದಿಗೆ ಕಾಣುತ್ತಿತ್ತು. ಈಗಲೂ ಕಾಣುತ್ತಿತ್ತು. ಮಧ್ಯಾಹ್ನ ಮೂರಕ್ಕೆ ಅಕ್ಕ ವಾಕಿಂಗ್ ಹೋಗಿ ನಾಲ್ಕಕ್ಕೆ ಬಂದರೆ, ಪುಟದ ತುಂಬ ಕೆಂಪು ಗೆರೆ, ಅದೇ ಹೆಸರು.

ಮೊನ್ನೆ ಆ ಸಾಫ್ಟ್‌ವೇರಿನ ವರ್ಷದ ಚಂದಾ ಮುಗಿಯಿತು. ಕಡತ ತೆರೆಯುತ್ತಿತ್ತು, ಒಂದಕ್ಷರ ಬದಲಿಸಲು ಬಿಡುತ್ತಿರಲಿಲ್ಲ.

“ಅತ್ತೆ ನಿನ್ನೆಯಿಂದ ತಟ್ಟೆ ಮುಟ್ಟಿಲ್ಲ. ಬೇಗ ಏನಾದ್ರೂ ಮಾಡೇ.”

ಪಕ್ಕದ ಕೋಣೆಯಲ್ಲಿ ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಮೂವತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವರು. ಮಗ ಹೋದ ಮೇಲೆ ದಿನಕ್ಕೆ ಒಂದೇ ಮಾತು. ಸಂಜೆ ಅಕ್ಕ ಬಂದ ಸದ್ದಿಗೆ ಕೇಳುತ್ತಿದ್ದರು: “ಬಂದಿದ್ನಾ?”

“ಪುಕ್ಕಟೆ ಸಿಗೋದನ್ನ ಹಾಕ್ತೀನಿ,” ಎಂದಳು ತಂಗಿ. “ಹಾಗೆ ನೋಡ್ಬೇಡ, ಕದ್ದ ಮಾಲಲ್ಲ. ಯಾರು ಬೇಕಾದ್ರೂ ಬಳಸ್ಲಿ ಅಂತಾನೇ ಮಾಡಿರೋದು.”

ಹಳೆಯ ಕಡತ ಹೊಸದರಲ್ಲಿ ತೆರೆಯಿತು. ಅಲ್ಲಲ್ಲಿ ಸಾಲುಗಳು ಜರುಗಿದ್ದವು, ಅಷ್ಟೆ.

“ಅವರ ಹೆಸರು ಬರುತ್ತಾ ಇದರಲ್ಲಿ?”

“ಎಲ್ಲಿಂದ ಬರುತ್ತೆ? ಹಳೇದನ್ನ ಭಾವ ತಮ್ಮ ಹೆಸರಲ್ಲಿ ಕೊಂಡಿದ್ರು. ಇದಕ್ಕೆ ಯಾರ ಹೆಸರೂ ಗೊತ್ತಿಲ್ಲ. ಇವತ್ತು ಯಾರೇ ಬಂದ್ರೂ ಹೆಸರಿಲ್ಲದೆ ಬರ್ಬೇಕು.” ತಂಗಿ ಪುಟ ನೋಡಿ ಹುಬ್ಬೇರಿಸಿದಳು. “ಅಲ್ಲಕ್ಕಾ, ಒಂದೇ ಪುಟದಲ್ಲಿ ಇಷ್ಟು ತಪ್ಪಾ? ಕಿವಿ ಹಿಂಡಿ ನನಗೆ ಬರೆಯೋದು ಕಲಿಸಿದೋಳು ನೀನು!”

ಅಕ್ಕ ಒಂದನ್ನೂ ತಿದ್ದದೆ ಎದ್ದಳು.

ಮೂರಕ್ಕೆ ಇಬ್ಬರೂ ಹೊರಟರು. ಗೇಟಿನ ಬಳಿ ಅಕ್ಕ ನಿಂತಳು. “ಛತ್ರಿ ಮರೆತೆ.”

ಅವಳು ಬರುವಷ್ಟರಲ್ಲಿ ತಂಗಿ ಎದುರು ಕಾಂಪೌಂಡಿನ ಎರಡು ಬೆಕ್ಕುಗಳ ಜಗಳವನ್ನು ಪೂರ್ತಿ ನೋಡಿ ಮುಗಿಸಿದ್ದಳು. ಬಂದಾಗ ಅಕ್ಕನ ಕೈ ಖಾಲಿ.

“ಬಿಡು, ಮೋಡ ಇಲ್ಲ.”

ನಾಲ್ಕಕ್ಕೆ ಬೀಗ ತೆಗೆದಾಗ ಮನೆ ಉಸಿರು ಹಿಡಿದಂತಿತ್ತು. ತಂಗಿ ಚಪ್ಪಲಿ ಬಿಡುವುದನ್ನೂ ಮರೆತು ಕಂಪ್ಯೂಟರಿನ ಮುಂದೆ ಹೋಗಿ ಕೂತಳು, ಕೂತವಳೇ ಎದ್ದಳು. ಕುರ್ಚಿ ಬೆಚ್ಚಗಿತ್ತು.

ಪರದೆಯ ತುಂಬ ಕೆಂಪು ಗೆರೆಗಳು. ಒಂದು ತಪ್ಪೂ ಉಳಿದಿರಲಿಲ್ಲ. ಪ್ರತಿ ಗೆರೆಯ ಪಕ್ಕದಲ್ಲೂ ಭಾವನ ಹೆಸರು.

“ಅಕ್ಕಾ... ಇದರಲ್ಲಿ ಹೆಸರೇ ಇರಲಿಲ್ವಲ್ಲ!”

ಪಕ್ಕದ ಕೋಣೆಯಿಂದ ಕ್ಷೀಣ ದನಿ: “ಬಂದಿದ್ನಾ?”

“ಬಂದಿದ್ರು ಅತ್ತೆ. ಏಳಿ, ತಟ್ಟೆ ಹಾಕ್ತೀನಿ.”

ಮಂಚ ಕಿರುಗುಟ್ಟಿತು. ಕೀಬೋರ್ಡಿನ ಹಿಂದೆ ಉಳಿದುಹೋಗಿದ್ದ ಅತ್ತೆಯ ಕನ್ನಡಕವನ್ನು ಅಕ್ಕ ಸೆರಗಿನಲ್ಲಿ ಮುಚ್ಚಿಕೊಂಡು ತಂಗಿಯ ಕಿವಿಯ ಬಳಿ ಬಾಗಿದಳು.

“ಛತ್ರಿಗೆ ಅಂತ ಹೋದಾಗ ನಿನ್ನ ಭಾವನ ಹೆಸರನ್ನ ಇದಕ್ಕೆ ನಾನೇ ಬರೆದುಕೊಟ್ಟೆ, ತಿದ್ದೋದು ಅವರೇ ಅಂತ ನನಗೆ ಗೊತ್ತಿರೋದು ಅತ್ತೆಗೆ ಗೊತ್ತಾಗ್ಬಾರ್ದು ಕಣೇ, ನನ್ನ ಸಮಾಧಾನಕ್ಕೆ ಅಂತಾನೇ ಅವರು ದಿನಾ ಹಾಸಿಗೆ ಬಿಟ್ಟು ಏಳೋದು.”